ಹಕ್ಕಿಗೆಂದು ಸವರಿದ ಹುಲ್ಲು

ನಾನು ಹುಟ್ಟಿ ಬೆಳೆದದ್ದು ತ್ರಾಸಿಯ ಕಡಲ ಬದಿಯಲ್ಲಿ. ನಮ್ಮ ಮನೆಯಲ್ಲಿ ಹಕ್ಕಿ ಅಂದರೆ ಅಂಗಳದಲ್ಲಿ ಒಣಗಲು ಹಾಕಿದ ಮೀನು ಕದಿಯುವ ಕಾಗೆ, ಇಲ್ಲವೇ ಮೇಲಿನಿಂದ ಎರಗುವ ಗಿಡುಗ. ಎರಡನ್ನೂ ಓಡಿಸಬೇಕು ಎಂಬುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರುತ್ತಿದ್ದಳು. ನಾನು ಕಾಲೇಜು ಮುಗಿಸಿ, ಅರಣ್ಯ ಇಲಾಖೆಯ ಆಯ್ಕೆಯಲ್ಲಿ ಓಡಿ ಜಿಗಿದು ಪಾಸಾಗಿ ಬೀಟ್ ಗಾರ್ಡ್ ಆದಾಗ ಅವಳು ಮಗಳಾದ ನನ್ನನ್ನು ಕೇಳಿದ್ದು ಒಂದೇ: "ಆ ಕಾಡಲ್ಲಿ ನೀನ್ ಎಂತ ಕಾಯೂದ್ ಹೆಣೆ?"

ಎಂತ ಕಾಯುವುದೆಂದು ನನಗೂ ಗೊತ್ತಿರಲಿಲ್ಲ. ನನಗೆ ಸಿಕ್ಕ ಬೀಟ್ ಸಿದ್ದಾಪುರ ದಾಟಿ ಅಮಾಸೆಬೈಲಿನ ಕಡೆಗೆ ಹೋಗುವಾಗ ಸಿಗುವ ಒಂದು ಗುಡ್ಡ ಮತ್ತು ಅದರ ಸುತ್ತಲಿನ ಹಾಡಿ, ಊರಂಚಿನ ಕಾಡು. ಗುಡ್ಡದ ನೆತ್ತಿ ಪೂರ್ತಿ ಮುರಕಲ್ಲಿನ ಪಾರೆ, ಕೆಂಪು ಕಲ್ಲಿನ ಹಾಸು. ಹಿಂದೆ ಊರವರು ಅಲ್ಲಿ ದನ ಮೇಯಿಸುತ್ತಿದ್ದರಂತೆ, ಮನೆಯ ಮಾಡಿಗೆ ಹೊದಿಸಲು ಮುಳಿಹುಲ್ಲು ಕೊಯ್ಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಇಲಾಖೆಯವರು ಯಾವುದೋ ಕಾಲದಲ್ಲಿ ನೆಟ್ಟ ಅಕೇಶಿಯಾ ಅದನ್ನೆಲ್ಲ ಮುಚ್ಚಿಹಾಕಿತ್ತು. ಆ ಮರಗಳ ಅಡಿಯಲ್ಲಿ ಒಣಗಿದ ಎಲೆ ಬಿಟ್ಟರೆ ಒಂದು ಎಸಳು ಹುಲ್ಲೂ ಇರಲಿಲ್ಲ. ನಡೆದರೆ ನಮ್ಮ ಕಾಲಿನ ಸದ್ದೇ ನಮಗೆ ಕೇಳುತ್ತಿತ್ತು. ನಿಂತರೆ ಅದೂ ಇಲ್ಲ.

ನಾನು ಬಂದ ಮರುವರ್ಷ ಆ ಅಕೇಶಿಯಾ ಕಡಿಸಿದರು. ಕಡಿದ ಜಾಗದಲ್ಲಿ ಮತ್ತೆ ಅದನ್ನೇ ನೆಡುವುದು ಬೇಡ ಎಂದು ನಮ್ಮ ರೇಂಜರ್ ಹಟ ಹಿಡಿದರು. "ಗುಡ್ಡದ ಒಂದು ಬದಿಯನ್ನು ನೆಲದ ಮೇಲೆ ಬದುಕುವ ಹಕ್ಕಿಗಳಿಗೆ ಬಿಡೋಣ. ಕಾಡುಕೋಳಿ, ಲಾವಕ್ಕಿ, ನವಿಲು. ಇವು ಮರ ನೋಡಿ ಬರುವವಲ್ಲ, ನೆಲ ನೋಡಿ ಬರುವವು" ಅಂದರು. ಕೆಲಸ ನನ್ನ ಪಾಲಿಗೆ ಬಿತ್ತು. ನನ್ನ ಜೊತೆಗೆ ಒಬ್ಬ ವಾಚರ್. ಕೆಳಗಿನ ಊರಿನವರೇ, ಅರವತ್ತರ ಹತ್ತಿರದವರು. ಅವರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ಹಕ್ಕಿ ಕೂಗಿದರೆ ಯಾವ ದಿಕ್ಕಿನಿಂದ ಎಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ನನಗೆ ದಿಕ್ಕು ತಿಳಿಯುತ್ತಿತ್ತು, ಹಕ್ಕಿ ಯಾವುದೆಂದು ತಿಳಿಯುತ್ತಿರಲಿಲ್ಲ. ಇಬ್ಬರೂ ಸೇರಿ ಹೇಗೋ ಕಲಿತೆವು.

ಮಾಡಿದ್ದು ದೊಡ್ಡ ಕೆಲಸವೇನಲ್ಲ. ಮಳೆ ಮುಗಿದ ಕೂಡಲೇ ಹಬ್ಬುವ ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಹೂ ಬಿಡುವ ಮೊದಲೇ ಬುಡಸಮೇತ ಕೀಳುವುದು. ಕೇಪಳ, ಕರಂಡೆ, ಚೂರಿಮುಳ್ಳಿನ ಪೊದೆಗಳನ್ನು ಮುಟ್ಟದೆ ಬಿಡುವುದು. ಹುಲ್ಲನ್ನು ಒಮ್ಮೆಲೇ ಕೊಯ್ಯದೆ ಪಟ್ಟಿ ಪಟ್ಟಿಯಾಗಿ ಸವರುವುದು: ಒಂದು ಪಟ್ಟಿ ಗಿಡ್ಡ, ಪಕ್ಕದ್ದು ಎತ್ತರ. ಮರಿಗಳು ಎತ್ತರದ ಹುಲ್ಲಿನಲ್ಲಿ ಅಡಗಿಕೊಂಡಿದ್ದು, ಸವರಿದ ಪಟ್ಟಿಗೆ ಬಂದು ಹುಳ, ಬೀಜ ಹೆಕ್ಕಿ, ಗಿಡುಗದ ನೆರಳು ಅಲ್ಲಾಡಿದರೆ ಮತ್ತೆ ಒಳಗೆ ಓಡಬೇಕು. ಪಾರೆಯ ಗುಳಿಗಳಲ್ಲಿ ನೀರು ಆರದ ಹಾಗೆ ನೋಡಿಕೊಳ್ಳುವುದು. ಬೇಸಿಗೆಗೆ ಮೊದಲು, ಕಾಳ್ಗಿಚ್ಚು ದಾಟದ ಹಾಗೆ ಸುತ್ತಲೂ ಬೆಂಕಿರೇಖೆ. ಇಷ್ಟೇ.

ಹಕ್ಕಿಗಳು ಬಂದವು. ಮೊದಲು ಲಾವಕ್ಕಿ ಬಂತು, ಕಾಲ ಬುಡದಿಂದ ಭರ್ರನೆ ಎದ್ದು ನನ್ನ ಎದೆ ಹಾರಿಸುತ್ತಿತ್ತು. ಆಮೇಲೆ ಹಾಡಿಯ ಅಂಚಿನಿಂದ ಕಾಡುಕೋಳಿ ಮರಿಗಳನ್ನು ಕಟ್ಟಿಕೊಂಡು ಇಳಿಯಿತು. ಹುಂಜಗಳು ಬೆಳಿಗ್ಗೆ ಒಂದಕ್ಕೊಂದು ಸವಾಲು ಹಾಕಿ ಕೂಗುವಾಗ ಗುಡ್ಡದ ಕೆಳಗಿನ ರಸ್ತೆಯಲ್ಲೇ ಬೈಕು ನಿಲ್ಲಿಸಿ ಕೇಳುತ್ತಿದ್ದೆ. ನವಿಲುಗಳೂ ಹೆಚ್ಚಾದವು. ರೇಂಜರ್ ಮೇಲಿನ ಅಧಿಕಾರಿಗಳನ್ನು ಕರೆತಂದು ತೋರಿಸಿದರು. ಅವರು ಫೋಟೋ ತೆಗೆಸಿಕೊಂಡರು.

ಊರಿನಲ್ಲಿ ಮಾತ್ರ ಯಾರೂ ಸಂತೋಷಪಡಲಿಲ್ಲ. ಗುಡ್ಡದ ಬುಡದಲ್ಲಿ ಬೈಲು. ಭತ್ತ ಕೊಯ್ದ ಮೇಲೆ ಅಲ್ಲಿ ನೆಲಗಡಲೆ, ಉದ್ದು ಬಿತ್ತುತ್ತಾರೆ. ಬಿತ್ತಿದ ಬೀಜವನ್ನು ನವಿಲು ಕಾಲಿನಲ್ಲಿ ಕೆದಕಿ ತೆಗೆದರೆ ಸಾಲು ಸಾಲೇ ಖಾಲಿ. ಇಲಾಖೆಯ ಬೇಲಿಗೆ ತಾಗಿದ ಗದ್ದೆ ಒಬ್ಬರದ್ದು. ಅವರು ಬಹಳ ಕಾಲ ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದು ಬೇಸಾಯಕ್ಕೆ ಇಳಿದವರು; ಊರಿಗೆಲ್ಲ ಅವರು ಮುಂಬೈಯವರು. ಬಿಳಿ ಅರ್ಧ ತೋಳಿನ ಬನಿಯನ್ನು ಹಾಕಿಕೊಂಡು ಬೆಳಿಗ್ಗೆಯೇ ಗದ್ದೆಯಂಚಿನಲ್ಲಿ ನಿಂತಿರುತ್ತಿದ್ದರು. ಅವರು ಜಗಳವಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಒಂದು ದಿನವೂ ದನಿ ಎತ್ತಲಿಲ್ಲ.

"ಮೇಡಂ, ಹಕ್ಕಿ ಸಾಕೂದ್ ಒಳ್ಳೇದ್," ಅಂದರು ಒಮ್ಮೆ. "ಆದ್ರೆ ನಿಮ್ಮ ಹಕ್ಕಿ ನಿಮ್ಮ ಗುಡ್ಡೆಲೇ ಇರ್ಲಿ. ನನ್ನ ಗದ್ದೆಗ್ ಇಳ್ದ್ರೆ ಮತ್ತ್ ನಂಗ್ ಹೇಳ್ಬೇಡಿ."

"ಎಂತ ಮಾಡ್ತ್ರಿ?" ನಾನು ಕೇಳಿದೆ.

"ನಾನ್ ಎಂತ ಮಾಡೂದ್? ಖಾಲಿಪೀಲಿ ಹೇಳ್ದೆ ಅಷ್ಟೆ." ಅವರು ನಕ್ಕರು. ಕಣ್ಣು ಮಾತ್ರ ನಾವು ಸವರಿದ ಪಟ್ಟಿಗಳ ಮೇಲೆಯೇ ಇತ್ತು. ಮೇಲಿಂದ ಕೆಳಗೆ, ಒಂದೊಂದನ್ನೇ, ಅಳೆಯುವವರ ಹಾಗೆ ನೋಡುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಬೇಲಿಯ ಬಳಿ ಉರುಳು ಇಟ್ಟ ಒಬ್ಬನನ್ನು ನಾನೇ ಹಿಡಿದೆ. ಬೈಲಿನ ಆಚೆ ತುದಿಯಲ್ಲಿ ಮನೆ, ಮರ ಹತ್ತುವ ಕೆಲಸ, ನನಗಿಂತ ಸ್ವಲ್ಪ ದೊಡ್ಡವನು. ಉರುಳಿನಲ್ಲಿ ಕಾಡುಕೋಳಿ ಸತ್ತು ನೇತಾಡುತ್ತಿತ್ತು. ಕೇಸಾಯಿತು, ಅವನು ಜಾಮೀನಿಗಾಗಿ ಕುಂದಾಪುರಕ್ಕೆ ಅಲೆದ. ಅಲ್ಲಿಂದ ಮುಂದೆ ನಾನು ಬೈಲಿನ ದಾರಿಯಲ್ಲಿ ಹೋದರೆ ಅಂಗಳದಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು. ನೀರು ಕೇಳಿದರೆ ಕೊಡುತ್ತಿದ್ದರು. ಕುಡಿದು ಮುಗಿದ ಕೂಡಲೇ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು.

ಇದಾಗಿ ಮುಂದಿನ ನೆಲಗಡಲೆ ಬಿತ್ತನೆಯ ಹೊತ್ತು. ಆ ಬೆಳಿಗ್ಗೆ ಎಂದಿನಂತೆ ಗುಡ್ಡದ ಕೆಳಗೆ ಬೈಕು ನಿಲ್ಲಿಸಿದೆ. ಒಂದು ಹುಂಜವೂ ಕೂಗಲಿಲ್ಲ. ಇಬ್ಬನಿ ಹೆಚ್ಚಿದ್ದರೆ ತಡವಾಗಿ ಕೂಗುವುದುಂಟು, ಹಾಗೇ ಇರಬಹುದು ಅಂದುಕೊಂಡೆ. ಮೇಲೆ ಹತ್ತುವಾಗ ಬಿಸಿಲು ಏರಿತ್ತು, ಇಬ್ಬನಿ ಆರಿತ್ತು, ಆದರೂ ಸದ್ದಿಲ್ಲ. ಅಕೇಶಿಯಾ ಇದ್ದ ಕಾಲದ ಮೌನವೇ ಮತ್ತೆ ಬಂದು ಕೂತ ಹಾಗಿತ್ತು. ವಾಚರ್ ಆಗಲೇ ಬಂದು ಪಾರೆಯ ಮೇಲೆ ನಿಂತಿದ್ದರು. ನನ್ನನ್ನು ಕಂಡು ಕೈಯಲ್ಲಿ "ಬನ್ನಿ" ಎಂದು ಮಾತ್ರ ಸನ್ನೆ ಮಾಡಿದರು.

ನೀರಿನ ಗುಳಿಯ ಪಕ್ಕ ಒಂದು ಕಾಗೆ ಸತ್ತು ಬಿದ್ದಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹೆಣ್ಣು ನವಿಲು, ಕಾಲು ಸೆಟೆದು. ಸವರಿದ ಪಟ್ಟಿಯ ಉದ್ದಕ್ಕೂ ಲಾವಕ್ಕಿಗಳು ಮಣ್ಣಿನ ಹೆಂಟೆಗಳ ಹಾಗೆ ಬಿದ್ದಿದ್ದವು. ಎಷ್ಟೋ ಹಕ್ಕಿಗಳು ಎತ್ತರದ ಹುಲ್ಲಿನ ಕಡೆಗೆ ಓಡಲು ನೋಡಿ ಅಂಚಿನಲ್ಲೇ ಬಿದ್ದಿದ್ದವು. ಬಗ್ಗಿ ನೋಡಿದರೆ ನೆಲದಲ್ಲಿ ನುಚ್ಚಕ್ಕಿ. ಅಕ್ಕಿಯ ಬಣ್ಣವಲ್ಲ, ಮಾಸಲು ನೀಲಿ. ಅದರಿಂದ ಹುಳದ ಮದ್ದಿನ ವಾಸನೆ ಮೂಗಿಗೆ ಅಡರಿತು. ಯಾರೋ ಅದನ್ನು ಗದ್ದೆಯಲ್ಲಿ ಅಲ್ಲ, ಬೇಲಿಯಲ್ಲಿ ಅಲ್ಲ, ನಮ್ಮ ಪಟ್ಟಿಗಳಲ್ಲೇ, ಒಂದನ್ನೂ ಬಿಡದೆ ಉದ್ದಕ್ಕೆ ಚೆಲ್ಲಿಕೊಂಡು ಹೋಗಿದ್ದರು. ಹಕ್ಕಿ ಹೆದರದೆ ಬಂದು ತಿನ್ನಲೆಂದು ನಾವು ಸವರಿಕೊಟ್ಟ ಜಾಗ ಅವರಿಗೂ ಅನುಕೂಲವಾಗಿತ್ತು.

ನಾನು ರೇಂಜರಿಗೆ ಫೋನ್ ಮಾಡಿದೆ. ಅವರು ಬೈಂದೂರಿನಲ್ಲಿ ಸಭೆಯಲ್ಲಿದ್ದರು. "ಬರಿಗೈಯಲ್ಲಿ ಮುಟ್ಟಬೇಡ. ಪಶುವೈದ್ಯರನ್ನು ಕರೆದುಕೊಂಡು ಬರುತ್ತೇನೆ. ಸತ್ತದ್ದನ್ನೆಲ್ಲ ಒಂದು ಕಡೆ ಸೇರಿಸಿ ಮುಚ್ಚಿಡಿ" ಅಂದರು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೆಕ್ಕತೊಡಗಿದೆವು. ಒಂದು ಲಾವಕ್ಕಿ ಇನ್ನೂ ಬಿಸಿಯಾಗಿತ್ತು.

ಹಾಡಿಯ ಅಂಚಿಗೆ ಹೋಗಿದ್ದ ವಾಚರ್ ಅಲ್ಲಿಂದಲೇ ಕೂಗಿದರು. "ಹ್ವಾಯ್ ಮೇಡಂ, ಇಲ್ಲ್ ಕಾಣಿ."

ಮುರಕಲ್ಲಿನ ಒಂದು ಚಾಚಿನ ಕೆಳಗೆ ಪುಕ್ಕದ ರಾಶಿ. ಹುಂಜದ ಕತ್ತಿನ ಪುಕ್ಕ, ಒಂದೊಂದರಲ್ಲೂ ಹಳದಿ ಚುಕ್ಕೆ. ಪಕ್ಕದಲ್ಲಿ ಹೇಂಟೆಯ ಕಂದು ಪುಕ್ಕ. ಕಲ್ಲಿನ ಮೇಲಿನ ರಕ್ತ ಪೂರ್ತಿ ಒಣಗಿರಲಿಲ್ಲ. ನರಿ, ಬೆಕ್ಕು ಹೀಗೆ ಪುಕ್ಕವನ್ನು ಒಂದೇ ಕಡೆ ಹಾಕುವುದಿಲ್ಲ.

"ಯಾರೋ ತಕಂಡ್ ಹೋಯಿರ್," ಅಂದರು ವಾಚರ್. "ಓಡುಕಾಗ್ದೆ ಒದ್ದಾಡ್ತಾ ಇದ್ದದ್ದನ್ನ ಹಿಡ್ದ್ ಕೊಯ್ದಿರ್. ಮದ್ದ್ ತಿಂದದ್ದ್ ಅಂದೇಳಿ ಅವ್ರಿಗ್ ಗೊತ್ತಿಲ್ಲೆ."

ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟೆ. ಕೆಳಗೆ ಬೈಲಿನಲ್ಲಿ ಮಾಡುಗಳ ಮೇಲೆ ಅಡುಗೆಯ ಹೊಗೆ ಏಳುತ್ತಿತ್ತು. ಅವುಗಳಲ್ಲಿ ಯಾವುದೋ ಒಂದು ಒಲೆಯ ಮೇಲೆ ಆ ಕೋಳಿ ಬೇಯುತ್ತಿತ್ತು.

ಸತ್ತ ಹಕ್ಕಿಗಳ ಬಳಿ ವಾಚರನ್ನು ಬಿಟ್ಟು ನಾನು ಕೆಳಗೆ ಓಡಿದೆ. ಮೊದಲ ಮನೆಯಲ್ಲಿ ಒಬ್ಬ ಅಜ್ಜಿ ಅಂಗಳ ಗುಡಿಸುತ್ತಿದ್ದರು. "ಅಮ್ಮ, ನಿಮ್ಮಲ್ಲಿ ಯಾರಾದ್ರೂ ಗುಡ್ಡೆಯಿಂದ ಕೋಳಿ ತಂದಿರಾ?" ಎಂದೆ. ಅವರು ನನ್ನ ಖಾಕಿಯನ್ನು ನೋಡಿದರು. "ನಮ್ಮನೆಯಲ್ಲಿ ಮೊಟ್ಟೆನೂ ತಿಂಬುದಿಲ್ಲೆ ಮಗಾ." ಹಿತ್ತಲಿನಲ್ಲಿ ಅವರ ಊರುಕೋಳಿಗಳು ಕೆದಕುತ್ತಿದ್ದವು. ಎರಡನೆಯ ಮನೆಯಲ್ಲಿ ಮಸಾಲೆ ಹುರಿಯುವ ಪರಿಮಳ ಬಂತು. ಒಳಗಿನ ಹೆಂಗಸು ನನ್ನನ್ನು ಕಂಡು ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ನಾನು ಬೇಡಿಕೊಂಡ ಮೇಲೆ ಸಿಟ್ಟಿನಿಂದ ಬಾಗಿಲು ತೆರೆದು ತೋರಿಸಿದಳು. ಒಲೆಯ ಮೇಲೆ ಇದ್ದದ್ದು ಹಲಸಂದೆ ಕಾಳಿನ ಗಸಿ. "ಕಂಡ್ರಿಯಾ? ಪಾತ್ರೆನೂ ತೊಳ್ದ್ ತೋರಿಸ್ಕಾ?" ಅಂದಳು.

ಊರಿನ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೆ. ದಾರಿಯಲ್ಲೇ ನಿಂತು ದನಿ ಸಂದೇಶ ಹಾಕಿದೆ: "ಗುಡ್ಡೆಲಿ ಯಾರೋ ವಿಷ ಹಾಕಿರ್. ಕೋಳಿ ತಂದವ್ರ್ ಇದ್ರೆ ದಮ್ಮಯ್ಯ, ತಿನ್ಬೇಡಿ. ಯಾರ ಮೇಲೂ ಕೇಸ್ ಇಲ್ಲೆ, ಎಲ್ಲಿಂದ ತಂದದ್ದ್ ಅಂದೇಳಿ ಕೇಣೂದಿಲ್ಲೆ." ಕೂಡಲೇ ಒಬ್ಬ ನಗುವ ಮುಖ ಕಳಿಸಿದ. ಇನ್ನೊಬ್ಬ ಬರೆದ: "ಹಿಡಿಯುಕೆ ಹೊಸ ಉಪಾಯ." ಅದಕ್ಕೆ ಇನ್ನಷ್ಟು ನಗುವ ಮುಖಗಳು. ನಾನು ಹೇಳಿದ್ದು ನಿಜವೆಂದು ನಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಾನು ಹಿಡಿದುಕೊಟ್ಟವನ ಮುಖವೇ ಆ ಊರಿಗೆ ನೆನಪಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನವನ ಹಾರನ್ ಕೇಳಿತು. ಸ್ಕೂಟರಿನ ಹಿಂದೆ ಥರ್ಮಾಕೋಲಿನ ಪೆಟ್ಟಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಆ ದಾರಿಯಲ್ಲಿ ಬರುವವನು. ನನಗೆ ಅಮ್ಮನ ಮಾತು ನೆನಪಾಯಿತು. ತಪ್ಪದೆ ಕೊಳ್ಳುವ ಮನೆಯವರು ಒಂದು ದಿನ ಬೇಡ ಅಂದರೆ, ಒಂದೋ ಅಲ್ಲಿ ಯಾರಿಗೋ ಹುಷಾರಿಲ್ಲ, ಇಲ್ಲ ವ್ರತ, ಅದೂ ಅಲ್ಲದಿದ್ದರೆ ಒಲೆಯ ಮೇಲೆ ಬೇರೇನೋ ಇದೆ ಎಂದು ಅವಳು ಹೇಳುತ್ತಿದ್ದಳು. ಸ್ಕೂಟರಿಗೆ ಅಡ್ಡ ನಿಂತೆ.

"ಇವತ್ತ್ ಯಾವ ಮನೆಯವ್ರ್ ಮೀನ್ ಬೇಡ ಅಂದ್ರ್?"

ಅವನು ಹುಬ್ಬು ಗಂಟಿಕ್ಕಿದ. "ಅದ್ ಎಂತಕೆ ನಿಮ್ಗ್? ನಾಳೆನೂ ನಂಗ್ ಇದೇ ರಸ್ತೆಲಿ ಯಾಪಾರ ಮಾಡುಕಿತ್ತ್ ಮೇಡಂ."

ನನ್ನ ಅಮ್ಮನೂ ಮೀನು ಮಾರುವವಳೇ ಎಂದೆ. ವಿಷದ ವಿಷಯ ಹೇಳಿದೆ. ಅವನು ಸ್ಕೂಟರ್ ಆರಿಸಿದ. ಆಚೀಚೆ ನೋಡಿ ಎರಡು ಮನೆ ಹೇಳಿದ. ಒಂದು ಮನೆಯಲ್ಲಿ ಯಜಮಾನರು ಅಂದೇ ಶಬರಿಮಲೆಗೆಂದು ಮಾಲೆ ಹಾಕಿದ್ದರು, ಅದು ನನಗೆ ಗೊತ್ತಿತ್ತು. ಇನ್ನೊಂದು ಬೈಲಿನ ಆಚೆ ತುದಿಯ ಮನೆ. ಉರುಳು ಇಟ್ಟವನದು.

ಗದ್ದೆಯ ಅಂಚಿನಲ್ಲಿ ಎಡವುತ್ತ ಓಡಿ ಆ ಅಂಗಳಕ್ಕೆ ಹೋದಾಗ ಅವನ ಹೆಂಡತಿ ಬಾಗಿಲಿಗೆ ಅಡ್ಡವಾಗಿ ನಿಂತಳು. ನಾನು ಓಡಿ ಬರುವುದನ್ನು ಕಂಡೇ ನಿಂತಿದ್ದಳು.

"ಅವ್ರ್ ಮನೆಲಿ ಇಲ್ಲೆ."

"ಅಕ್ಕ, ನಾನ್ ಅವ್ರನ್ನ್ ಹಿಡಿಯುಕೆ ಬಂದದ್ದಲ್ಲ. ಕೋಳಿಗ್ ವಿಷ ಹಾಕಿರ್. ಕಾಗೆ ಸತ್ತ್ ಬಿದ್ದಿತ್, ನವಿಲ್ ಸತ್ತ್ ಬಿದ್ದಿತ್."

"ನಮ್ಮನೆಲಿ ಕೋಳಿ ಇಲ್ಲೆ." ಅವಳ ಬೆರಳುಗಳಲ್ಲಿ ಅರಿಶಿನ, ಕಾರದ ಬಣ್ಣವಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ನುಗ್ಗಿ ಪಾತ್ರೆ ಎತ್ತಿಕೊಂಡರೆ ಅದು ಪುರಾವೆಯಾಗುತ್ತಿತ್ತು, ಅವಳ ಗಂಡನ ಮೇಲೆ ಎರಡನೆಯ ಕೇಸು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಅಂದೆ, "ನಾನ್ ತಿರ್ಗಿ ನಿಲ್ತೆ. ನೀವೇ ಕೊಂಡೋಯಿ ಚೆಲ್ಲಿ, ಮಣ್ಣ್ ಮುಚ್ಚಿ. ನಾನ್ ಕಾಂಬುದಿಲ್ಲೆ. ಮಕ್ಳಿಗ್ ಮಾತ್ರ ಬಡಿಸ್ಬೇಡಿ."

ಬೆನ್ನು ತಿರುಗಿಸಿ ನಿಂತೆ. ಎದುರಿಗೆ ಬೈಲು, ಅದರಾಚೆ ಗುಡ್ಡ, ಗುಡ್ಡದ ಮೇಲೆ ನಮ್ಮ ಪಟ್ಟಿಗಳು ಇಲ್ಲಿಂದ ಹಳದಿ ಗೆರೆಗಳ ಹಾಗೆ ಕಾಣುತ್ತಿದ್ದವು. ಹಿಂದೆ ಪಾತ್ರೆ ಎತ್ತಿದ ಸದ್ದು. ಹಿಂಬಾಗಿಲು ತೆರೆದ ಸದ್ದು. ತಕ್ಷಣ ಅವಳ ಕೂಗು. ಅದು ಮಾತಾಗಿರಲಿಲ್ಲ.

ಅವಳ ಗಂಡ ಹಿತ್ತಲಿನ ದನದ ಹಟ್ಟಿಯ ಗೋಡೆಗೆ ಒರಗಿ ಕೂತಿದ್ದ. ಎದೆಯ ಮೇಲೆಲ್ಲ ವಾಂತಿ, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅಷ್ಟು ತಂಪು ಬೆಳಿಗ್ಗೆಯಲ್ಲೂ ಮೈಯೆಲ್ಲ ಬೆವರು. ಕೋಳಿ ಕೊಯ್ದು ಸ್ವಚ್ಛ ಮಾಡುವಾಗಲೇ ಒಳಗಿನ ಲಿವರ್ ಇತ್ಯಾದಿ ಹುರಿದು ಒಬ್ಬನೇ ತಿಂದಿದ್ದನಂತೆ. ಸಾರು ಇನ್ನೂ ಯಾರೂ ಮುಟ್ಟಿರಲಿಲ್ಲ. ನನ್ನನ್ನು ಕಂಡು ಏಳಲು ನೋಡಿದ. ಓಡಿಹೋಗಲು. ಕಾಲು ಬರಲಿಲ್ಲ.

ನಮ್ಮ ಜೀಪು ರೇಂಜರ್ ಜೊತೆ ಬೈಂದೂರಿನಲ್ಲಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಹೊತ್ತಾಗುತ್ತದೆ ಅಂದರು. ಹತ್ತಿರದಲ್ಲಿ ಕಾರು ಇದ್ದದ್ದು ಒಂದೇ ಮನೆಯಲ್ಲಿ. ನಾನು ಮುಂಬೈಯವರ ಗೇಟಿನಿಂದಲೇ ಕೂಗಿದೆ. ಅವರು ಪೇಪರ್ ಓದುತ್ತ ಕೂತಿದ್ದವರು ತಲೆ ಎತ್ತಿದರು.

"ಕಾರ್ ತೆಗೀರಿ, ಒಬ್ರಿಗ್ ಸೀರಿಯಸ್. ಗುಡ್ಡೆ ಕೋಳಿ ತಿಂದಿರ್."

ಯಾರು ಎಂದು ಅವರು ಕೇಳಲಿಲ್ಲ. ಕೋಳಿ ತಿಂದರೆ ಏನಾಗುತ್ತದೆ ಎಂದೂ ಕೇಳಲಿಲ್ಲ. ಪೇಪರನ್ನು ಅಲ್ಲೇ ಕೆಳಗೆ ಹಾಕಿದರು. ಚಪ್ಪಲಿ ಹಾಕಿಕೊಳ್ಳದೆ ಬಂದು ಕಾರು ತೆಗೆದರು.

ಹಿಂದಿನ ಸೀಟಿನಲ್ಲಿ ಹೆಂಡತಿಯ ಮಡಿಲಲ್ಲಿ ಅವನ ತಲೆ. ಮುಂದೆ ನಾನು. ಕುಂದಾಪುರದ ದಾರಿಯ ತಿರುವುಗಳಲ್ಲಿ ಅವರು ಕಾರನ್ನು ಹೇಗೆ ಓಡಿಸಿದರೆಂದರೆ ಎದುರಿನ ಬಸ್ಸಿನವರು ಕಿಟಕಿಯಿಂದ ಬೈದರು. ಮತ್ತೆ ಮತ್ತೆ ಕನ್ನಡಿಯಲ್ಲಿ ಹಿಂದೆ ನೋಡುತ್ತ ಒಂದೇ ಮಾತು ಕೇಳುತ್ತಿದ್ದರು: "ಉಸ್ರ್ ಇತ್ತಾ? ಉಸ್ರ್ ಇತ್ತಾ ಕಾಣಿ." ಹೆಂಡತಿ "ಇತ್ತ್" ಅನ್ನುವಳು. ಸ್ವಲ್ಪ ದೂರ ಹೋದ ಮೇಲೆ ಅವಳು ಉತ್ತರ ಕೊಡುವುದನ್ನು ಬಿಟ್ಟು ಅವರ ಬೆನ್ನನ್ನೇ ನೋಡತೊಡಗಿದಳು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಅವನ ಕಣ್ಣಿಗೆ ಟಾರ್ಚು ಹಿಡಿದು ನೋಡಿ, ನರ್ಸಿಗೆ ಏನೋ ಹೇಳಿ ನಮ್ಮ ಕಡೆ ತಿರುಗಿದರು. ವಯಸ್ಸು ಚಿಕ್ಕದು, ಮಾತು ಚುರುಕು. "ಯಾವ ವಿಷ ಗೊತ್ತಾ? ಬಾಟಲಿ ತಂದಿದ್ದೀರಾ?"

"ಹುಳದ ಮದ್ದು ಸರ್. ಯಾವುದೆಂದು ಗೊತ್ತಿಲ್ಲ. ನುಚ್ಚಿನಲ್ಲಿ ಕಲಸಿ ಹಾಕಿದ್ದಾರೆ" ಎಂದೆ.

"ಎರಡು ಜಾತಿ ಇರುತ್ತದೆ. ಲಕ್ಷಣ ಒಂದೇ ತರ, ಆದರೆ ಒಂದಕ್ಕೆ ಕೊಡುವ ಇಂಜೆಕ್ಷನ್ ಇನ್ನೊಂದಕ್ಕೆ ಕೊಡುವಂತಿಲ್ಲ. ಹೆಸರು ಗೊತ್ತಾದರೆ ನನಗೆ ಸುಲಭ. ಊರಲ್ಲಿ ಯಾರಿಗಾದರೂ ಫೋನ್ ಮಾಡಿ ಕೇಳಿ."

ಯಾರಿಗೆ ಮಾಡುವುದು? ಫೋನ್ ತೆಗೆದರೆ ಊರಿನ ಗುಂಪಿನಲ್ಲಿ ಇನ್ನೂ ಆ ನಗುವ ಮುಖಗಳೇ ಇದ್ದವು. ಹೆಂಡತಿ ನನ್ನನ್ನು ನೋಡಿದಳು. ಡಾಕ್ಟರು ಒಳಗೆ ಹೋಗಲು ತಿರುಗಿದರು.

"ಸರ್," ಅಂದರು ನಮ್ಮ ಹಿಂದೆ ಗೋಡೆಯ ಬಳಿ ನಿಂತಿದ್ದ ಮುಂಬೈಯವರು.

ಅವರು ಮದ್ದಿನ ಹೆಸರು ಹೇಳಿದರು. ಅಂಗಡಿಯಲ್ಲಿ ಕೇಳುವ ಹೆಸರಲ್ಲ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ಹೆಸರು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು, ತಪ್ಪಾಗಬಾರದೆಂದು. ಡಾಕ್ಟರು "ಖಂಡಿತಾನಾ?" ಅಂದರು. "ಖಂಡಿತ" ಅಂದರು ಅವರು. ಡಾಕ್ಟರು ಒಳಗೆ ಓಡಿದರು.

ಆ ಉದ್ದನೆಯ ವರಾಂಡದಲ್ಲಿ ನಾವು ಮೂವರು ಉಳಿದೆವು. ಅವರು ಹೊರಗಿನ ನಲ್ಲಿಯ ಬಳಿ ಹೋಗಿ ಕೈ ತೊಳೆದುಕೊಂಡರು. ಬಂದು ಕೂತರು. ಮತ್ತೆ ಎದ್ದು ಹೋಗಿ ತೊಳೆದುಕೊಂಡರು. ಬರಿಗಾಲಿನಲ್ಲಿ ಅವರ ಹೆಜ್ಜೆ ಒದ್ದೆಯಾಗಿ ನೆಲದ ಮೇಲೆ ಮೂಡುತ್ತಿತ್ತು. ಆ ಹೆಂಗಸು ಆ ಒದ್ದೆ ಗುರುತುಗಳನ್ನೇ ನೋಡುತ್ತಿದ್ದಳು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ನಮ್ಮ ಗುಡ್ಡದ ಪಟ್ಟಿಗಳ ಮೇಲೆ ನಡೆದುಹೋಗಿದ್ದು ಇದೇ ಕಾಲು, ಈಗ ಇಲ್ಲಿ ಒಬ್ಬನ ಉಸಿರಿಗಾಗಿ ಕಾಯುತ್ತಿರುವುದೂ ಇದೇ ಮನುಷ್ಯ. ಎರಡರಲ್ಲಿ ಯಾವುದನ್ನೂ ಸುಳ್ಳೆನ್ನಲು ನನಗೆ ಆಗಲಿಲ್ಲ.

ಸಂಜೆಗೆ ಡಾಕ್ಟರು ಹೊರಗೆ ಬಂದು "ಉಳಿಯುತ್ತಾನೆ" ಅಂದರು. ಮುಂಬೈಯವರು ಗೋಡೆಯ ಕಡೆ ಮುಖ ಮಾಡಿ ನಿಂತರು.

ನಾನು ಕೇಳಿದ್ದನ್ನೂ ಕಂಡದ್ದನ್ನೂ ರೇಂಜರಿಗೆ ಹೇಳಿದೆ. ಹೆಂಡತಿಗೆ ನಾನು ಕೊಟ್ಟ ಮಾತನ್ನೂ ಮುಚ್ಚಿಡಲಿಲ್ಲ. ಅವರು "ತಿಂದವನು ಈಗ ಆರೋಪಿಯಲ್ಲ, ಸಾಕ್ಷಿ. ಅವನು ಹೇಳಿಕೆ ಕೊಡಲಿ, ವಿಷ ಹಾಕಿದ್ದರ ಮೇಲೆ ಕೇಸು ನಿಲ್ಲುತ್ತದೆ" ಅಂದರು. ಕೇಸು ಆಯಿತು. ಆದರೆ ಅವನು ಬಾಯಿ ಬಿಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೇಳಿಕೆ ಪಡೆಯಲು ಹೋದರೆ, ಕೋಳಿ ತಿಂದದ್ದೇ ಇಲ್ಲ, ಹಿಂದಿನ ದಿನ ಕುಡಿದದ್ದು ಹೆಚ್ಚಾಯಿತು ಅಂದ. ಅವನ ಕೈ ಆಗಲೂ ಸ್ವಲ್ಪ ನಡುಗುತ್ತಿತ್ತು. ಮರ ಹತ್ತಲು ಇನ್ನಾಗದು ಅಂದಿದ್ದರು. ಹೆಂಡತಿ ಅಂಗಳದ ತುದಿಯವರೆಗೆ ನನ್ನ ಜೊತೆ ಬಂದಳು.

"ಅವ್ರ್ ಕಾರ್ ತೆಗ್ಯದಿದ್ರೆ, ಮದ್ದಿನ ಹೆಸ್ರ್ ಹೇಳ್ದಿದ್ರೆ, ಇವ್ರ್ ಇರ್ತಿರ್ಲಿಲ್ಲೆ," ಅಂದಳು.

"ಆ ಮದ್ದ್ ಹಾಕದೇ ಇದ್ದಿದ್ರೆ?" ಎಂದೆ.

"ಅದ್ ನಂಗ್ ಗೊತ್ತಿಲ್ಲೆ." ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂಬೈಯವರು ತನಿಖೆಯಲ್ಲಿ, ಲಕ್ಷಣ ನೋಡಿ ಊಹೆಯಿಂದ ಹೇಳಿದ್ದೆಂದೂ, ಎಲ್ಲರ ಮನೆಯಲ್ಲೂ ಇರುವ ಮದ್ದೇ ಅದೆಂದೂ ಹೇಳಿದರು. ಅದೂ ಸುಳ್ಳಲ್ಲ. ಕೇಸು ಇನ್ನೂ ನಡೆಯುತ್ತಿದೆ. ಸಾಕ್ಷಿ ಹೇಳಲು ನಾನೂ ವಾಚರೂ ಕುಂದಾಪುರಕ್ಕೆ ಹೋಗಿ ಬರುತ್ತಿರುತ್ತೇವೆ.

ಗುಡ್ಡದ ಕೆಲಸ ಅದಕ್ಕಿಂತ ಕಷ್ಟವಾಯಿತು. ಚೆಲ್ಲಿದ ನುಚ್ಚನ್ನು ಕಾಳು ಬಿಡದೆ ಹೆಕ್ಕಲು ಯಾರಿಂದಲೂ ಸಾಧ್ಯವಿರಲಿಲ್ಲ. ಪಟ್ಟಿಗಳ ಮೇಲ್ಮಣ್ಣು ಕೆರೆದು ತೆಗೆದು ಆಳದ ಗುಂಡಿಗೆ ಹಾಕಿ ಮುಚ್ಚಿಸಿದೆವು. ಗುಳಿಗಳ ನೀರು ಚೆಲ್ಲಿ ಖಾಲಿ ಮಾಡಿದೆವು. ಮಳೆ ಬಂದು ನೆಲ ತೊಳೆಯುವವರೆಗೆ ಒಂದು ಹಕ್ಕಿಯೂ ಅಲ್ಲಿ ಇಳಿಯಬಾರದೆಂದು ಪಶುವೈದ್ಯರು ಹೇಳಿದರು. ಹಾಗಾಗಿ ಆ ಬೇಸಿಗೆ ಪೂರ್ತಿ ನಾನೂ ವಾಚರೂ ಬೆಳಿಗ್ಗೆ ಸಂಜೆ ಖಾಲಿ ಎಣ್ಣೆ ಡಬ್ಬಿ ಬಡಿಯುತ್ತ ಆ ಪಟ್ಟಿಗಳಲ್ಲಿ ನಡೆದೆವು. ಉಳಿದಿದ್ದ ಒಂದು ಹೇಂಟೆ ಮರಿಗಳೊಂದಿಗೆ ಹಾಡಿಯ ಅಂಚಿನಲ್ಲಿ ನಿಂತು ಹೊರಗೆ ಬರಲು ನೋಡುತ್ತಿತ್ತು. ನಾನು ಡಬ್ಬಿ ಬಡಿಯುವೆ, ಅದು ಒಳಗೆ ಓಡುವುದು. ಮರುದಿನ ಮತ್ತೆ ಬರುವುದು. ಬೇಡವೇ ಬೇಡ ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳುತ್ತಿದ್ದೆ. ವಾಚರ್ ಕೇಳದ ಕಿವಿಯನ್ನು ಡಬ್ಬಿಯ ಕಡೆಗೆ ತಿರುಗಿಸಿಕೊಂಡು ಬಡಿಯುತ್ತಿದ್ದರು.

ಮಳೆ ಬಂತು, ಹುಲ್ಲು ಚಿಗುರಿತು. ಈಗ ನಾವು ಪಟ್ಟಿಗಳನ್ನು ಗದ್ದೆಯ ಬದಿಯಲ್ಲಿ ಸವರುವುದಿಲ್ಲ, ಮೇಲಿನ ಪಾರೆಯ ಆಚೆ ಕಡೆ ಸವರುತ್ತೇವೆ. ಬೇಲಿಯ ಬದಿಯಲ್ಲಿ ದಟ್ಟ ಮುಳ್ಳುಪೊದೆ ಬೆಳೆಯಲು ಬಿಟ್ಟಿದ್ದೇವೆ, ಹಕ್ಕಿ ಸುಲಭದಲ್ಲಿ ಕೆಳಗೆ ಇಳಿಯದ ಹಾಗೆ. ಲಾವಕ್ಕಿ ಮತ್ತೆ ಬಂದಿದೆ. ಹುಂಜ ಅಪರೂಪಕ್ಕೆ ಕೂಗುತ್ತದೆ. ಕೂಗದ ಬೆಳಿಗ್ಗೆ ತಲೆ ಎತ್ತುವುದಿಲ್ಲ, ನೆಲ ನೋಡುತ್ತಲೇ ಹತ್ತುತ್ತೇನೆ.

ಮೊನ್ನೆ ನೆಲಗಡಲೆ ಬಿತ್ತನೆ ಶುರುವಾಯಿತು. ಮುಂಬೈಯವರು ಈಗ ಯಾರ ಜೊತೆಗೂ ಹೆಚ್ಚು ಮಾತಾಡುವುದಿಲ್ಲ, ಅವರ ಜೊತೆಗೂ ಜನ ಆಡುವುದಿಲ್ಲ. ಬೇಲಿಯ ಬದಿಯಲ್ಲಿ ನಾನು ಹೋಗುವಾಗ ಅವರೇ ಕರೆದರು.

"ಮೇಡಂ, ಆ ದಿನ ನಾನ್ ಬಾಯಿ ಬಿಡದೆ ಇದ್ದಿದ್ರೆ ಎಂತ ಆತಿತ್?"

"ಒಬ್ರ್ ಸಾಯ್ತಿದ್ರ್," ಎಂದೆ.

"ಹೌದಲ್ದಾ." ಅವರು ಗದ್ದೆಯ ಕಡೆ ನೋಡಿದರು. "ಬಾಯಿ ಬಿಟ್ಟದ್ದಕ್ಕೇ ನಾನ್ ಈಗ ಕೋರ್ಟಿಗ್ ಹೋಪುದ್. ಊರವ್ರೆಲ್ಲ ಅದನ್ ಕಾಂತಿರ್. ಇನ್ನ್ ಮುಂದೆ ಯಾರಿಗಾದ್ರೂ ಹಾಂಗ್ ಆದ್ರೆ, ಮದ್ದಿನ ಹೆಸ್ರ್ ಯಾರೂ ಹೇಳೂದಿಲ್ಲೆ ಕಾಣಿ."

ಅದು ಎಚ್ಚರಿಕೆಯೋ ಬೆದರಿಕೆಯೋ ಪಶ್ಚಾತ್ತಾಪವೋ ನನಗೆ ತಿಳಿಯಲಿಲ್ಲ. ಅವರ ಮುಖದಲ್ಲಿ ಹುಡುಕಿದೆ, ಅಲ್ಲಿ ಏನೂ ಇರಲಿಲ್ಲ. ಅವರು ಬಗ್ಗಿ ಗದ್ದೆಯ ಮಣ್ಣು ಕೆದಕಿ, ನವಿಲು ಬಿಟ್ಟು ಹೋಗಿದ್ದ ಒಂದು ಬೀಜವನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡರು. ಮೇಲಿನಿಂದ ವಾಚರ್ ಕತ್ತಿ ಎತ್ತಿ ಕರೆಯುತ್ತಿದ್ದರು. ಆ ದಿನ ಸವರಬೇಕಾದ ಪಟ್ಟಿ ಇನ್ನೂ ಬಾಕಿಯಿತ್ತು. ನಾನು ಹತ್ತತೊಡಗಿದೆ.